ಕಟ್ಟೆಗೊಂದು ಮಾತು

ನಿವೃತ್ತರಾದ ಮೇಲೆ ನನ್ನ ಗಂಡನಿಗೆ ಮಾತಿನ ಚಟ ಹತ್ತಿತೆಂದು ನಾನು ತಿಳಿದಿದ್ದೆ. ಮಾಸ್ತರರಾಗಿದ್ದಾಗ ಶಾಲೆಯ ಹೊರಗೆ ಬಾಯಿ ಬಿಟ್ಟವರಲ್ಲ. ಈಗ ಅಣ್ಣಿಗೇರಿಯ ನಮ್ಮ ಓಣಿಯಿಂದ ಪೇಟೆಗೆ ಹೊರಟರೆ ದಾರಿಯುದ್ದಕ್ಕೂ ಒಂದೊಂದು ಕಟ್ಟೆಯ ಮುಂದೆ ನಿಲ್ಲುವರು. ಜೋಳ ಹಸನು ಮಾಡುತ್ತ ಕೂತ ಮುದುಕಿಯ ಮೊಣಕಾಲಿನ ಸುದ್ದಿ ಬೇಕು, ಅವಳ ಎಮ್ಮೆಯ ಸುದ್ದಿಯೂ ಬೇಕು.

ನಮ್ಮ ಕಡೆ ಕಟ್ಟೆಯ ಮೇಲೆ ಕೂತವರನ್ನು ಮಾತಾಡಿಸದೆ ದಾಟಿದರೆ ಸೊಕ್ಕು ಅನ್ನುತ್ತಾರೆ. ಅವರೂ "ಬರ್ರಿ ಮಾಸ್ತರ, ಕೂಡ್ರಿ" ಅನ್ನುವರು. ಹಾಗಾಗಿ ಯಾರಿಗೂ ಅನುಮಾನ ಬರಲಿಲ್ಲ. ಸಂತೆಚೀಲ ಹಿಡಿದು ಬಿಸಿಲಲ್ಲಿ ಕಾಯುವ ನನಗೆ ಮಾತ್ರ ಮೈಯೆಲ್ಲ ಉರಿಯುತ್ತಿತ್ತು.

"ಊರ ಉಸಾಬರಿ ನಿಮಗ್ಯಾಕ್ರಿ?" ಎಂದರೆ ಸುಮ್ಮನೆ ನಗುವರು.

ಒಂದು ಸಂಜೆ ಊರಾಚೆಯ ಬಡಾವಣೆಗೆ ಹೊರಟಿದ್ದೆವು. ಆ ಹಾದಿಯಲ್ಲಿ ಇರುವುದು ಒಂದೇ ಮನೆ. ಅದರ ಮುಂದೆ ನಿಂತು ಇವರು, "ಆರಾಮ ಅದೀರೇನ್ರಿ?" ಎಂದು ಕೂಗಿದರು. ಬಾಗಿಲಿಗೆ ಕೀಲಿ ಹಾಕಿತ್ತು. ಆ ಮನೆಯವರು ಹುಬ್ಬಳ್ಳಿಗೆ ಹೋಗಿ ಎಷ್ಟೋ ತಿಂಗಳಾಗಿತ್ತು, ಅದು ಇವರಿಗೂ ಗೊತ್ತಿತ್ತು. ನೆನಪು ಕೈಕೊಟ್ಟಿತೇ ಎಂದು ಹತ್ತಿರ ಹೋದೆ. ನೋಡಿದರೆ ಬಗ್ಗಿ ಮೀನಖಂಡ ಒತ್ತಿಕೊಳ್ಳುತ್ತಿದ್ದಾರೆ.

"ಏನಾತ್ರಿ?"

"ಸ್ವಲ್ಪ ನಡದ್ರ ಕಾಲು ಹಿಡಿತೈತಿ, ನಿಂತ್ರ ಬಿಡತೈತಿ. ವಯಸ್ಸಾತಲ್ಲ."

ಮಾತಿನ ಚಟವೆಂದು ನಾನು ತಿಳಿದದ್ದು ಇದು!

ಹುಬ್ಬಳ್ಳಿಯ ಡಾಕ್ಟರು ಪಾದದ ನಾಡಿ ಹುಡುಕಿದರು, ಸರಿಯಾಗಿ ಸಿಗಲಿಲ್ಲ. ರಕ್ತ ತಪಾಸಣೆ, ಸ್ಕ್ಯಾನ್ ಎಲ್ಲ ಆಯಿತು. "ಕಾಲಿನ ರಕ್ತನಾಳದಾಗ ಕೊಬ್ಬು ಕುಂತು ದಾರಿ ಸಣ್ಣದಾಗೇತ್ರಿ. ಕಾಲಿನ್ಯಾಗ ಹಿಂಗಾದವರಿಗೆ ಹೃದಯದ್ದೂ ಮಿದುಳಿಂದೂ ಅಂಜಿಕಿ ಇರ್ತೈತಿ" ಎಂದರು.

"ತುಪ್ಪ ಮುಟ್ಟೂದಿಲ್ರಿ ಇವರು. ಮೈ ನೋಡ್ರಿ, ಹೆಂಗ ಒಣಗೇತಿ!" ಎಂದು ನಾನು ಜಗಳಕ್ಕೇ ನಿಂತೆ.

"ಕೊಲೆಸ್ಟ್ರಾಲ್ ತೆಳ್ಳಗಿದ್ದವರನ್ನೂ ಬಿಡೂದಿಲ್ರಿ."

ದಿನಾ ಗುಳಿಗೆ ತಪ್ಪಿಸಬಾರದು, ನಡಿಗೆಯನ್ನೂ ಬಿಡಬಾರದು. ನೋವು ಬಂದಲ್ಲಿ ನಿಲ್ಲಬೇಕು, ಇಳಿದ ಮೇಲೆ ಮತ್ತೆ ನಡೆಯಬೇಕು. ಇಷ್ಟು ಹೇಳಿ ಕಳಿಸಿದರು.

ಬಸ್ಸಿನಲ್ಲಿ ಬರುವಾಗ ಹೊಲಗಳನ್ನು ನೋಡುತ್ತ ಕೂತೆ. ಊರಿನ ಒಳ್ಳೆಯ ರೂಢಿಯೊಂದರ ಮರೆಯಲ್ಲಿ ರೋಗ ಎಷ್ಟು ನಿಶ್ಚಿಂತೆಯಿಂದ ಬೆಳೆದಿತ್ತು! ಇವರಿಲ್ಲದ ಮನೆಯನ್ನು ನೆನೆದು ಹೆದರಿದೆ, ಆ ಹೆದರಿಕೆಯೇ ಸಿಟ್ಟಾಗಿ ಹೊರಬಂತು.

"ನನಗರ ಹೇಳಬಾರದಿತ್ತೇನ್ರಿ?"

ಅವರು ಕಿಟಕಿಯಾಚೆ ನೋಡುತ್ತ, "ನಿನ್ನ ಮುಂದ ಮುದುಕ ಆಗೂದು ಬ್ಯಾಡಾಗಿತ್ತು" ಎಂದರು.

ಮರುದಿನ ಬೆಳಿಗ್ಗೆ ಇಬ್ಬರೂ ನಡೆಯಲು ಹೊರಟೆವು. "ಬರ್ರಿ ಮಾಸ್ತರ" ಎಂದು ಕಟ್ಟೆಯವರು ಕರೆದರು. ಇವರು ಕೈಮುಗಿದು ಮುಂದೆ ಹೋಗಿ ನಡುಬೀದಿಯಲ್ಲಿ ನಿಂತರು. ಮಂದಿಯೆದುರು ಎಂದೂ ನನ್ನನ್ನು ಮುಟ್ಟದ ಮನುಷ್ಯ ನನ್ನ ಹೆಗಲ ಮೇಲೆ ಕೈಯೂರಿ, ಓಣಿಗೆಲ್ಲ ಕೇಳುವಂತೆ ಹೇಳಿದರು:

"ತಡಿ, ಕಾಲು ನೋಯಾಕತ್ತೈತಿ."