ರೇಣುಕೆಯ ಕುತ್ತಿಗೆ ನೋವು

ಒಂಟಿಕೊಪ್ಪಲಿನ ಆ ಕವಿಗೋಷ್ಠಿಯನ್ನು ನೆನೆದರೆ ನನಗೆ ಇವತ್ತಿಗೂ ಸಿಟ್ಟು ಬರುತ್ತದೆ. ಬೋಗಾದಿಯಲ್ಲಿ ನನ್ನ ಜೊತೆ ಬಾಡಿಗೆ ಮನೆಯಲ್ಲಿದ್ದ ಗೆಳತಿ ಅಂದು ಪದ್ಯ ಓದಿದಳು. ಗಂಡನ ಹೊಡೆತ ತಾಳಲಾರದೆ ಮನೆ ಬಿಟ್ಟು ಬಂದವಳು. ಹಿರಿಯರು ರಾಜಿ ಮಾಡಿಸಿದ್ದರು. ಮಾರನೆಯ ದಿನವೇ ಅವಳು ವಾಪಸ್ ಹೋಗಬೇಕಿತ್ತು. ಅವಳೂ ಸೋತು ಹೂಂ ಎಂದಿದ್ದಳು. ಗಂಡ ಹಿಂದಿನ ಸಾಲಿನಲ್ಲಿ, ಇಸ್ತ್ರಿ ಮಾಡಿದ ಶರ್ಟು ಹಾಕಿಕೊಂಡು, ಹಸುವಿನಂಥ ಮುಖ ಮಾಡಿಕೊಂಡು ಕೂತಿದ್ದ.

ಪದ್ಯ ರೇಣುಕೆಯದು. ಗಂಡ ಹೇಳಿದ, ಮಗ ಕಡಿದ, ಮತ್ತೆ ಜೀವ ಬಂತು. ಎದ್ದವಳು ಅದೇ ಗಂಡನಿಗೆ ನೀರು ತರಲು ಹೊರಡುತ್ತಾಳೆ. ಕುತ್ತಿಗೆ ಮಾತ್ರ ನೋಯುತ್ತಲೇ ಇರುತ್ತದೆ.

ನಮ್ಮ ಗೋಷ್ಠಿಗಳಲ್ಲಿ ಅಧ್ಯಕ್ಷರದ್ದೇ ಕೊನೆಯ ಮಾತು. ಕವಿ ಎದುರಾಡುವ ಪದ್ಧತಿಯಿಲ್ಲ. ಅಂದಿನ ಅಧ್ಯಕ್ಷರು ಜಯಲಕ್ಷ್ಮಿಪುರಂನ ನಿವೃತ್ತ ಪ್ರಾಧ್ಯಾಪಕರು, ಮನೋವಿಶ್ಲೇಷಣೆಯನ್ನು ಅರೆದು ಕುಡಿದವರು. ಶಾಲು ಸರಿಪಡಿಸಿಕೊಂಡು ಶುರು ಮಾಡಿದರು: "ಈ ನೋವೇ ಸುಖ. ಹೆಣ್ಣಿನ ಸುಪ್ತಮನಸ್ಸು ಕೊಡಲಿಯನ್ನು ತಾನಾಗಿ ಕರೆಯುತ್ತದೆ. ಶರಣಾಗತಿಯೇ ಅವಳ ಬಯಕೆ."

ಚಪ್ಪಾಳೆ ಬಿತ್ತು. ಥೂ! ತಮ್ಮ ಬೆರಳು ಬಾಗಿಲಿಗೆ ಸಿಕ್ಕಿದರೆ ಊರೆಲ್ಲ ಒಂದು ಮಾಡುವ ಜನ, ಇನ್ನೊಬ್ಬಳ ಕುತ್ತಿಗೆಯಲ್ಲಿ ಸುಖ ಹುಡುಕುತ್ತಿದ್ದರು.

ಮುಗಿದ ಮೇಲೆ ಗಂಡ ಉಪ್ಪಿಟ್ಟಿನ ತಟ್ಟೆ ಹಿಡಿದು ನೇರ ಅಧ್ಯಕ್ಷರ ಬಳಿಗೆ ಹೋದ. ನಾವಿಬ್ಬರೂ ಪಕ್ಕದಲ್ಲೇ ಇದ್ದೆವು.

"ನೀವು ಹೇಳಿದ್ದು ನೂರಕ್ಕೆ ನೂರು ನಿಜ ಸಾರ್. ನಮ್ಮನೆಯವಳೂ ಅಂಗೇ. ಏಟು ಬಿದ್ರೆ ಅಳ್ತಾಳೆ, ಒಳಗೊಳಗೇ ಅವಳಿಗೆ ಅದೇ ಬೇಕು. ನಾನು ಹೇಳಿದ್ರೆ ಯಾರೂ ನಂಬ್ತಿರ್ಲಿಲ್ಲ."

ಅಧ್ಯಕ್ಷರು ಬೆಚ್ಚಿಬೀಳುತ್ತಾರೆಂದು ಕಾದೆ. ಇಲ್ಲ, ಮುಖ ಅರಳಿತು. "ಸೂಕ್ಷ್ಮವಾಗಿ ಗ್ರಹಿಸಿದ್ದೀರಿ. ಇಂಥ ಕೇಳುಗರು ಅಪರೂಪ ಕಣ್ರೀ" ಎಂದು ಅವನ ಬೆನ್ನು ತಟ್ಟಿದರು.

ಗೆಳತಿ ತಟ್ಟೆ ಕೆಳಗಿಟ್ಟಳು. "ಸಾರ್, ಆ ನಮ್ಮನೆಯವಳು ನಾನೇ."

"ನಾನು ಪಠ್ಯದ ಬಗ್ಗೆ ಮಾತಾಡಿದ್ದು ಕಣಮ್ಮ, ವೈಯಕ್ತಿಕವಾಗಿ ತಗೋಬೇಡಿ" ಎಂದು ಅವರು ಕಾಫಿ ಲೋಟದ ಕಡೆ ಕೈ ಚಾಚಿದರು.

ಅವಳು ಗಂಡನ ಕಡೆ ತಿರುಗಿದಳು. "ನಾಳೆ ಕಾಯ್ಬೇಡಿ. ನಾನು ಬರಲ್ಲ."

"ಹಿರಿಯರ ಮುಂದೆ ಒಪ್ಕೊಂಡುಬುಟ್ಟು ಈಗೇನೇ ನಿಂದು?"

"ಸಿಟ್ಟಲ್ಲಿ ಹೊಡೀತೀರಿ, ಇವತ್ತಲ್ಲ ನಾಳೆ ಸಿಟ್ಟು ಇಳಿಯುತ್ತೆ ಅಂದ್ಕೊಂಡಿದ್ದೆ" ಎಂದಳು. "ನನಗೆ ಉಪಕಾರ ಮಾಡ್ತಿದ್ದೀನಿ ಅಂದ್ಕೊಂಡು ಹೊಡೀತಿದ್ರಿ ಅಂತ ಗೊತ್ತಿರ್ಲಿಲ್ಲ."