ಚೇರಿಗೆ ಬಿಟ್ಟುಕೊಟ್ಟ ಟೈಮು

ನನ್ನ ಮೊಮ್ಮಗಳಿಗೆ ಚಾಡ್ ಅಂತ ಒಂದು ದೇಶ ಕೊಟ್ಟಿದ್ರು. ಅಂಥದೊಂದು ದೇಶ ಇದೆ ಅಂತಲೇ ನನಗೆ ಗೊತ್ತಿರಲಿಲ್ಲ. "ಚಾಡಿ ಹೇಳೋಕೆ ಹೋಗ್ತಿದೀಯೇನೆ?" ಅಂದೆ. ಅವಳು ನಗಲಿಲ್ಲ.

ಹೈಸ್ಕೂಲ್ ಮಕ್ಕಳು ಒಬ್ಬೊಬ್ಬರು ಒಂದೊಂದು ದೇಶ ಆಗಿ ಕೂತ್ಕೊಂಡು, ದೇಶ ಆಳೋರು ಸಭೆ ಸೇರಿ ವಾದ ಮಾಡ್ತಾರಲ್ಲ, ಹಾಗೆ ಮಾಡೋದಂತೆ. ಇದು ಹೊಸಬರಿಗೆ, ಏನೂ ಗೊತ್ತಿಲ್ಲದಿದ್ದರೂ ಬನ್ನಿ, ಕಲಿಸಿಕೊಡ್ತೀವಿ ಅಂತ ಹೇಳಿ ಕರೆದಿದ್ರು. ನನ್ನ ಸಿಟ್ಟೆಲ್ಲ ಇರೋದು ಈ ಮಾತಿನ ಮೇಲೆ.

ಹುಡುಗಿ ಏಳನೇ ಕ್ಲಾಸಿನ ತನಕ ಕನ್ನಡದಲ್ಲಿ ಓದಿದೋಳು. ಇಂಗ್ಲಿಷ್ ಶಾಲೆಗೆ ಹಾಕಿದ ಮೇಲೆ ಬಾಯಿಗೆ ಬೀಗ ಬಿತ್ತು. ಮನೇಲಿ ವಟವಟ ಅನ್ನೋಳು ಶಾಲೇಲಿ ಹಾಜರಿ ಕೂಗಿದಾಗ ಬಿಟ್ಟರೆ ಉಸಿರೆತ್ತಲ್ಲ. ಈ ಸಭೇಲಿ ಎದ್ದು ನಿಂತು ಮಾತಾಡಿ ಬಂದ್ರೆ ಶಾಲೆಯ ಚರ್ಚೆ ತಂಡಕ್ಕೆ ಸೇರಿಸ್ಕೊಳ್ತೀನಿ ಅಂದಿದ್ರು ಅವಳ ಟೀಚರ್. ಅದಕ್ಕೇ ಕನ್ನಡಿ ಮುಂದೆ ನಿಂತು ಚಾಡ್ ದೇಶದ ನೀರಿನ ಕಷ್ಟ ಒದರಿದ್ದೇ ಒದರಿದ್ದು. ಕೊನೆಕೊನೆಗೆ ನನಗೇ ಅರ್ಧ ಬಾಯಿಪಾಠ ಆಗಿತ್ತು, ಅರ್ಥ ಮಾತ್ರ ಗೊತ್ತಿಲ್ಲ.

ಸಭೆ ಇದ್ದದ್ದು ಶನಿವಾರ, ಅವರಪ್ಪ ಅಮ್ಮನಿಗೆ ಅವತ್ತು ರಜಾ ಇಲ್ಲ. ಮನೆಯವರು ಯಾರಾದ್ರೂ ಜೊತೆಗಿರಬೇಕು ಅಂದ್ರಂತೆ, ನಾನು ಹೊರಟೆ. ಸಾರಕ್ಕಿಯಿಂದ ಜೆ.ಪಿ. ನಗರಕ್ಕೆ ಏನು ಮಹಾ ದೂರ, ನಡೆದೇ ಹೋದ್ವಿ. ನಡೆದಿದ್ದಕ್ಕಿಂತ ಸಿಗ್ನಲ್ ಹತ್ರ ನಿಂತಿದ್ದೇ ಜಾಸ್ತಿ.

ಅಲ್ಲಿ ನೋಡಿದ್ರೆ ಆ ಸೆಕೇಲಿ ಮಕ್ಕಳೆಲ್ಲ ಕೋಟು ಹಾಕ್ಕೊಂಡು ಕೂತಿದಾವೆ, ಒಬ್ಬೊಬ್ಬರ ಮುಂದೂ ದೇಶದ ಹೆಸರು ಬರೆದ ಸಣ್ಣ ಬೋರ್ಡು. ಎದುರಿಗೆ ಮೇಜಿನ ಹಿಂದೆ ಕಾಲೇಜು ಓದೋ ಹುಡುಗಿ ಒಬ್ಬಳು, ಕೈಯಲ್ಲಿ ಮರದ ಸಣ್ಣ ಸುತ್ತಿಗೆ. ಜೊತೆಗೆ ಬಂದೋರನ್ನ ಹಿಂದುಗಡೆ ಸಾಲಲ್ಲಿ ಕೂರಿಸಿದ್ರು. ಪಕ್ಕದಲ್ಲಿ ಯಾವುದೋ ಹುಡುಗನ ತಾಯಿ, ಒಳ್ಳೆ ಹೆಂಗಸು, ಕೇಳಿದ್ದಕ್ಕೆಲ್ಲ ಕನ್ನಡದಲ್ಲಿ ಬಿಡಿಸಿ ಹೇಳೋಳು.

ಮೊಮ್ಮಗಳ ಸರದಿ ಬಂತು. ಎದ್ದು ನಿಂತು ಶುರು ಮಾಡಿದ್ಳು, ಮಧ್ಯದಲ್ಲಿ ಮರೆತುಹೋಯ್ತು. ಕಾಗದ ಕೆಳಗಿಟ್ಟು ತನ್ನದೇ ಮಾತಲ್ಲಿ ಹೇಳೋಕೆ ಹೊರಟ್ಳು. "ಐ" ಅಂದ್ಳು, "ಮೈ ಹೌಸ್" ಅಂದ್ಳು, "ವಾಟರ್" ಅಂದ್ಳು. ಅಷ್ಟು ನನಗೂ ತಿಳೀತು. ನಮ್ಮ ಮನೆ ಕೊಳಾಯಿ ವಿಷಯ, ದಿನ ಬಿಟ್ಟು ದಿನ ಬರೋ ನೀರಿನ ವಿಷಯ. ಸರಿಯಾಗಿ ಹೇಳ್ತಿದಾಳೆ ಅಂತ ನೆಟ್ಟಗೆ ಕೂತ್ಕೊಂಡೆ. ಸುತ್ತಿಗೆ ಟಕ್ ಅಂತು. ಮೇಜಿನ ಹುಡುಗಿ ಏನೋ ಅಂದ್ಳು, ಮಕ್ಕಳೆಲ್ಲ ಕಿಸಕ್ ಅಂದ್ವು. ನನ್ನ ಮೊಮ್ಮಗಳು ಒಂದು ಮಾತು ಹೇಳಿ ಕುಸಿದು ಕೂತ್ಳು.

"ಏನಮ್ಮ ಅಂದ್ಳು ಅವಳು?"

"ಇಲ್ಲಿ 'ಐ' ಅನ್ನೋ ಹಾಗಿಲ್ಲ ಆಂಟಿ. ನಾನು, ನನ್ನ ಮನೆ, ಏನೂ ಹೇಳಬಾರದು. ದೇಶ ಅಲ್ವಾ, 'ಚಾಡ್ ಹೀಗೆ ಹೇಳುತ್ತೆ' ಅನ್ಬೇಕು."

"ಕೊನೇಲಿ ನಮ್ಮೋಳು ಏನೋ ಅಂದ್ಳಲ್ಲ?"

"ಮಿಕ್ಕಿದ ಟೈಮ್ ಚೇರ್‌ಗೆ ಬಿಟ್ಟುಕೊಟ್ಟೆ ಅಂದ್ಳು."

ನಾನು ಮೊಮ್ಮಗಳು ಕೂತಿದ್ದ ಪ್ಲಾಸ್ಟಿಕ್ ಚೇರನ್ನ ನೋಡಿದೆ. ಆಯಮ್ಮ ನಕ್ಕು, "ಅದಲ್ಲ ಆಂಟಿ, ಸುತ್ತಿಗೆ ಹಿಡಿದಿದಾಳಲ್ಲ, ಅವಳನ್ನೇ ಚೇರ್ ಅನ್ನೋದು" ಅಂದ್ಳು.

ನನಗೆ ಮೈ ಉರೀತು. ನಾನು ಸೊಸೆಯಾಗಿ ಬಂದ ಮನೇಲಿ "ನಂಗೆ" ಅನ್ನೋ ಹಾಗಿರಲಿಲ್ಲ. ನಂಗೆ ಹಸಿವು, ನಂಗೆ ಸಾಕಾಯ್ತು, ಯಾವುದೂ ಇಲ್ಲ. ಎರಡನೇ ಬಸುರೀಲಿ ಕಡಲೆಕಾಯಿ ತಿನ್ನಬೇಕು ಅನ್ನಿಸಿದ್ರೆ "ದೊಡ್ಡ ಮಗು ಕೇಳ್ತಿದೆ ಅತ್ತೆ" ಅನ್ನಬೇಕು. ಆ ಮಗುಗೆ ಇನ್ನೂ ಹಲ್ಲೇ ಬಂದಿರಲಿಲ್ಲ, ಅತ್ತೆಗೂ ಅದು ಗೊತ್ತಿತ್ತು. ಆ ಕಟ್ಟಳೇನ ಈಗ ಕೋಟು ಹಾಕಿಸಿ, ಸುತ್ತಿಗೆ ಹಿಡಿದು ಕಲಿಸ್ತಾರೆ.

"ಸ್ವಾಮಿಗಳೂ ಅದನ್ನೇ ಹೇಳೋದಲ್ವಾ ಆಂಟಿ, ನಾನು ಅನ್ನೋದು ಹೋಗಬೇಕು ಅಂತ" ಅಂದ್ಳು ಪಕ್ಕದೋಳು.

"ಹೋಗಬೇಕಾದ್ರೆ ಮೊದಲು ಬರಬೇಕಲ್ಲಮ್ಮ" ಅಂದೆ.

ಊಟಕ್ಕೆ ಬಿಟ್ಟಾಗ ಮೊಮ್ಮಗಳು ಕೈ ತೊಳೆಯೋ ನಲ್ಲಿ ಹತ್ರ ಗೋಡೆಗೆ ಮುಖ ಮಾಡಿ ನಿಂತಿದ್ಳು. ಚಿತ್ರಾನ್ನದ ಡಬ್ಬಿ ತೆಗೆದ್ರೆ ಬೇಡ ಅಂದ್ಳು. "ಮನೆಗೆ ಹೋಗೋಣ ಅಜ್ಜಿ. ತಂಡನೂ ಬೇಡ, ಏನೂ ಬೇಡ." ಡಬ್ಬಿ ಮುಚ್ಚಿ ನೆಟ್ಟಗೆ ಆ ಮೇಜಿನ ಹುಡುಗಿ ಹತ್ರ ಹೋದೆ.

"ನೀನೇ ಏನಮ್ಮ ಚೇರು?"

"ಹೌದು ಅಜ್ಜಿ, ಹೇಳಿ."

"ನನ್ನ ಮೊಮ್ಮಗಳ ಟೈಮು ನಿನ್ನ ಹತ್ರ ಇದೆಯಂತೆ. ವಾಪಸ್ ಕೊಡು."

ಅವಳಿಗೆ ನಗು ಬಂತು, ನನ್ನ ಮುಖ ನೋಡಿ ನುಂಗಿಕೊಂಡ್ಳು. "ಕೊಟ್ಟಿದ್ದನ್ನ ವಾಪಸ್ ತಗೊಳ್ಳೋಕಾಗಲ್ಲ ಅಜ್ಜಿ. ರೂಲ್ಸ್. ನಾನು ಮಾಡಿದ್ದಲ್ಲ."

"ನೋಡು, ನೀನು ಮಾತ್ರ ನಾನು ಅನ್ನಬಹುದು."

"ಈಗ ಬ್ರೇಕ್ ಅಲ್ವಾ ಅಜ್ಜಿ."

"ಹೊಸಬರು ಬನ್ನಿ ಅಂತ ಕರೆದೋರು ನೀವು. ತಪ್ಪಿದ್ರೆ ತಿದ್ದು, ಬೇಡ ಅನ್ನಲ್ಲ. ಅಷ್ಟು ಮಕ್ಕಳು ನಕ್ಕಾಗ ನಿನ್ನ ಸುತ್ತಿಗೆ ಎಲ್ಲಿ ಹೋಗಿತ್ತು?"

ಅವಳು ಮೇಜಿನ ಮೇಲಿದ್ದ ಪಟ್ಟೀಲಿ ಚಾಡ್ ಹುಡುಕಿ ಗುರುತು ಹಾಕಿದ್ಳು. ಆಮೇಲೆ, "ಮಧ್ಯಾಹ್ನ ಬೋರ್ಡ್ ಎತ್ತಿದ್ರೆ ಕರೀತೀನಿ ಅಜ್ಜಿ. ಆದ್ರೆ ಅವಳೇ ಎತ್ತಬೇಕು" ಅಂದ್ಳು.

ಮೊಮ್ಮಗಳು ಎಲ್ಲ ನೋಡಿಬಿಟ್ಟಿದ್ಳು. "ಯಾಕಜ್ಜಿ ಹೋಗಿ ಮಾನ ಕಳೀತೀಯ?"

"ನಿಂದು ಆಗ್ಲೇ ಹೋಗಿತ್ತು, ನಂದೂ ಜೊತೆಗಿರಲಿ ಅಂತ. ಮನೆಗೆ ಹೋಗೋದಾದ್ರೆ ಬಾ. ಹೋಗೋದು ನೀನು, ಚಾಡ್ ಅಲ್ಲ." ಅವಳು ನನ್ನನ್ನ ದುರುಗುಟ್ಟಿ ನೋಡಿ ಒಳಗೆ ಹೋದ್ಳು.

ಮಧ್ಯಾಹ್ನ ಎಲ್ಲ ದೇಶಗಳೂ ಮಾತಾಡಿದ್ವು, ಚಾಡ್ ತಲೆ ಎತ್ತಲಿಲ್ಲ. ಇನ್ನೇನು ಮುಗೀತು ಅನ್ನೋ ಹೊತ್ತಿಗೆ ಬೋರ್ಡು ಮೇಲೆ ಬಂತು. ಪಕ್ಕದೋಳು ನನ್ನ ಕಿವೀಲಿ ಹೇಳ್ತಾ ಹೋದ್ಳು. "ಚಾಡ್‌ನಲ್ಲಿ ಒಬ್ಬ ಮುದುಕಿ ಇದಾಳಂತೆ. ನೀರು ಬರೋ ದಿನ ಕೊಳಾಯಿ ಕೆಳಗೆ ಬಿಂದಿಗೆ ಇಟ್ಟು ಕಾಯ್ತಾಳಂತೆ. ಅದು ತುಂಬೋ ತನಕ ಯಾರಿಗೂ ಕಾಫಿ ಇಲ್ವಂತೆ. ನೀರು ಬರದೇ ಇದ್ದ ದಿನ ಸಿಕ್ಕಿದೋರ ಮೇಲೆಲ್ಲ ರೇಗ್ತಾಳಂತೆ." ಯಾರೋ ಒಬ್ಬ ಹುಡುಗ ನಕ್ಕ. ಸುತ್ತಿಗೆ ಟಕ್ ಅಂತು, ಈ ಸಲ ಅವನ ಕಡೆಗೆ. ಇವಳು ನಿಲ್ಲಿಸಲಿಲ್ಲ. ಟೈಮ್ ಮುಗೀತು ಅಂತ ಚೇರೇ ಹೇಳೋ ತನಕ ಮಾತಾಡಿದ್ಳು. ಚೇರಿಗೆ ಚೂರೂ ಉಳಿಸಲಿಲ್ಲ. ಮಕ್ಕಳೆಲ್ಲ ಮೇಜು ಬಡಿದ್ವು.

ತಂಡಕ್ಕೂ ಸೇರಿಸ್ಕೊಂಡ್ರು ಅನ್ನಿ. ಆದ್ರೂ ನನ್ನ ಸಿಟ್ಟು ಇಳಿದಿಲ್ಲ. ಆ ಮುದುಕಿ ಚಾಡ್‌ನೋಳಲ್ಲ, ಸಾರಕ್ಕಿಯೋಳು. ನಾನು ಕಡಲೆಕಾಯಿ ಕೇಳಿದ ಹಾಗೆ ಮೊಮ್ಮಗಳೂ ಬೇರೆಯವರ ಹೆಸರಲ್ಲಿ ತನ್ನ ಮನೆ ಮಾತು ಹೇಳಬೇಕಾಯ್ತು.

ವಾಪಸ್ ಬರೋವಾಗ ಸಿಗ್ನಲ್ ಹತ್ರ ಹುಡುಗಿ ಹುರುಪಿನಲ್ಲಿ, "ಚಾಡ್‌ಗೆ ಹಸಿವಾಗ್ತಿದೆ ಅಜ್ಜಿ" ಅಂದ್ಳು.

"ಚಾಡ್‌ಗೆ ಹಸಿವಾದ್ರೆ ಚಾಡ್‌ನೋರು ನೋಡ್ಕೋತಾರೆ" ಅಂದು ನಾನು ಡಬ್ಬಿ ಇದ್ದ ಚೀಲಾನ ಇನ್ನೊಂದು ಕೈಗೆ ಬದಲಾಯಿಸಿಕೊಂಡೆ.

ಸಿಗ್ನಲ್ ದಾಟಿದ ಮೇಲೆ ಚೀಲಕ್ಕೆ ಕೈ ಹಾಕಿದ್ಳು, ನಾನು ಬಿಡಲಿಲ್ಲ. ಆಮೇಲೆ ಹೇಳಿದ್ಳು, "ನಂಗೆ ಹಸಿವು."

ಬಸ್‌ಸ್ಟಾಪಿನ ಕಲ್ಲುಬೆಂಚಿನ ಮೇಲೆ ಕೂರಿಸಿ ಡಬ್ಬಿ ಬಿಚ್ಚಿಕೊಟ್ಟೆ. ಚಿತ್ರಾನ್ನ ಆರಿ ಗಟ್ಟಿಯಾಗಿತ್ತು. ತಿಂದ್ಳು.