ಗಸಗಸೆಗೆ ಹಾಕಿದ ಸಹಿ

ಮಕ್ಕಳೇ, ಶಿಲ್ಪಾ, ವಿನಯ, ಹಾವೇರಿಯಲ್ಲಿ ರಾಣೆಬೆನ್ನೂರು ಬಸ್ಸಿಗೆ ಕಾಯುತ್ತಾ ಬರೆಯುತ್ತಿದ್ದೇನೆ. ಪಿಂಚಣಿ ಕಾಗದಕ್ಕೆ ಇಲ್ಲಿನ ಜಿಲ್ಲಾಧಿಕಾರಿ ಕಚೇರಿಗೆ ಹೋದಾಗ ನನ್ನ ಮುಂದೆ ಬ್ಯಾಡಗಿಯ ಹೆಣ್ಣುಮಗಳೊಬ್ಬಳು ಅರ್ಜಿ ಹಿಡಿದು ನಿಂತಿದ್ದಳು. ಗಲ್ಫಿಗೆ ಡ್ರೈವರ್ ಕೆಲಸಕ್ಕೆ ಹೊರಟ ಗಂಡನಿಗೆ ಅವಳು ಗಸಗಸೆ ಕಟ್ಟಿಕೊಟ್ಟಿದ್ದಳಂತೆ. ಅಫೀಮಿನ ಬೀಜ ತಂದಿದ್ದಾನೆಂದು ಅಲ್ಲಿ ಅವನನ್ನು ಜೈಲಿಗೆ ಹಾಕಿದ್ದಾರೆ.

ಅವಳು ಅಧಿಕಾರಿಯ ಮೇಜಿನ ಮೇಲೆ ಕಿರಾಣಿ ಅಂಗಡಿಯ ಪೊಟ್ಟಣ ಬಿಚ್ಚಿದಳು. “ಕರ್ಜಿಕಾಯಿಗೆ ಹಾಕೋದ್ರಿ ಸಾಹೇಬ್ರ. ನೀವೂ ತಿಂದಿರ್ತೀರಿ.”

“ತಿಂದೇನವ್ವಾ. ಆದ್ರ ಅಲ್ಲಿ ಕಾಯ್ದೆ ಮಾಡಿದವ್ರು ತಿಂದಿಲ್ಲಲ್ಲ! ಇದು ಅಡಿಗಿ ಸಾಮಾನು ಅಂತ ಬರದು ನಾಕು ಮಂದಿ ಹಿರೇರ ಸಹಿ ಹಾಕಿಸು. ದಿಲ್ಲಿ ವಿದೇಶಾಂಗ ಖಾತೆಗೆ ಕಳಸ್ತೀವಿ.”

ಮಂದಿಯ ಮುಂದೆ ಬಾಯಿ ಬಿಡದ ನಾನು ಪೆನ್ನು ಕೇಳಿದೆ. ಅವಳ ಅರ್ಜಿಯ ಕೆಳಗೆ ಆ ಮಾತು ಬರೆದುಕೊಟ್ಟೆ; ಮೊದಲ ಸಹಿ ನನ್ನದೇ. ಅವಳ ಗಂಡ ಬಿಡುಗಡೆಯಾಗಿ ಬರುವಷ್ಟರಲ್ಲಿ ನಾನಿರದಿದ್ದರೆ, ಆ ಸಹಿ ಯಾರದೆಂದು ಕೇಳಿದವರಿಗೆ ಈ ಪತ್ರ ತೋರಿಸಿ. ಜೋಪಾನವಾಗಿಡಿ.